ಅಮೆರಿಕದ ಬಿ ಫಾರಂ ಯಾರ ಕೈಯಲ್ಲಿದೆ? ನೋಟ್‌ಬುಕ್ ಇಟ್ಟು ನೋಡುವ ಬಗೆ

ತೀರ್ಥಹಳ್ಳಿಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಎಲೆಕ್ಷನ್ ಬಂತೆಂದರೆ ಅಫಿಡವಿಟ್ಟಿನ ಕೆಲಸ ಜೋರು. ಟಿಕೆಟ್ ಯಾರಿಗೆ ಅಂತ ಟಿವಿಯವರಿಗಿಂತ ಮೊದಲೇ ನನಗೆ ಗೊತ್ತಾಗುತ್ತದೆ ಎಂಬ ಜಂಬ ಇತ್ತು. ಒಂದು ಸಲ ಅದು ಇಳಿಯಿತು. ಒಬ್ಬರು ನಾಲ್ಕು ಸೆಟ್ ನಾಮಪತ್ರ ಮಾಡಿಸಿದರು. ತೋಟದ ಸರ್ವೆ ನಂಬರಿನಿಂದ ಹಿಡಿದು ಹೆಂಡತಿಯ ಬಳೆಯ ತೂಕದವರೆಗೆ ಎಲ್ಲ ಟೈಪ್ ಮಾಡಿದೆ. ನೋಟರಿ ಸೀಲೂ ಬಿತ್ತು. ಕೊನೆಯ ದಿನ ಮೂರು ಗಂಟೆಯೊಳಗೆ ಬಿ ಫಾರಂ ಕೊಡಬೇಕಲ್ವಾ? ಎರಡೂವರೆಗೆ ಅದು ಬೇರೆಯವರ ಕೈಯಲ್ಲಿತ್ತು. ನನ್ನ ಬಿಲ್ಲು ಇನ್ನೂ ಬಾಕಿ.

ಇದನ್ನು ಕೇಳಿ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ನಕ್ಕ. "ಇಲ್ಲಿ ಹಾಗಲ್ಲ ಮಾವ, ಜನರೇ ಅಭ್ಯರ್ಥಿಯನ್ನು ಆರಿಸ್ತಾರೆ" ಅಂದ. ಹಠಕ್ಕೆ ಬಿದ್ದು ಒಂದು ನೋಟ್‌ಬುಕ್ ಇಟ್ಟೆ. ಅಲ್ಲೂ ಒಳಗಿನವರ ಕೈ ಇದೆ, ಕಾಗದದ ಮೇಲೆ ಕಾಣುವುದಿಲ್ಲ ಅಷ್ಟೆ. 2028ರ ಅಧ್ಯಕ್ಷ ಚುನಾವಣೆಗೆ ನೀವೂ ಇಡಬಹುದು.

ಮೊದಲ ಪುಟದಲ್ಲಿ ಎರಡು ಕಾಲಂ ಎಳೆಯಿರಿ. ಎಡಗಡೆ, ಜನರ ಮತದಿಂದ ಬಂದ ಡೆಲಿಗೇಟ್‌ಗಳು. ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಮಹಾಧಿವೇಶನದಲ್ಲಿ ಇವರು ತಮ್ಮ ರಾಜ್ಯದ ಫಲಿತಾಂಶದಂತೆ ನಡೆಯಬೇಕು. ಬಲಗಡೆ, ಡೆಮಾಕ್ರಟಿಕ್ ಪಕ್ಷದ ಸೂಪರ್ ಡೆಲಿಗೇಟ್‌ಗಳು. ಆ ಪಕ್ಷದ ಗವರ್ನರ್‌ಗಳು, ಸಂಸದರು, ರಾಷ್ಟ್ರೀಯ ಸಮಿತಿಯವರು, ಮಾಜಿ ಅಧ್ಯಕ್ಷರು. ಇವರು ಯಾರ ಕಡೆ ಬೇಕಾದರೂ ಹೋಗಬಹುದು. ಎರಡನ್ನೂ ಯಾವತ್ತೂ ಕೂಡಿಸಬೇಡಿ.

ಯಾಕೆ ಅಂದರೆ, 2016ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ ನೋಡಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆ ರಾಜ್ಯದ ಜನ ಮತ ಹಾಕುವ ಚುನಾವಣೆ. ಡೆಮಾಕ್ರಟಿಕ್ ಟಿಕೆಟ್‌ಗೆ ನಿಂತಿದ್ದ ಬರ್ನಿ ಸ್ಯಾಂಡರ್ಸ್ ಅಲ್ಲಿ ಶೇಕಡಾ 60ರಷ್ಟು ಮತ ಪಡೆದು ಗೆದ್ದರು. ಅವರಿಗೆ 15 ಡೆಲಿಗೇಟ್, ಹಿಲರಿ ಕ್ಲಿಂಟನ್‌ಗೆ 9. ಆದರೆ ಆ ರಾಜ್ಯದ ಆರು ಸೂಪರ್ ಡೆಲಿಗೇಟ್‌ಗಳು ಮೊದಲೇ ಹಿಲರಿ ಕಡೆ ನಿಂತಿದ್ದರು. ಅವರನ್ನೂ ಸೇರಿಸಿದರೆ 15ಕ್ಕೆ 15! ಗೆದ್ದವರ ಮೆರವಣಿಗೆ ಹೊರಡುವ ಹೊತ್ತಿಗೆ ಲೆಕ್ಕ ಸಮ. ಸ್ಯಾಂಡರ್ಸ್ ಕಡೆಯವರಿಗೆ ಉರಿಯದೆ ಇರುತ್ತದಾ? ಕೊನೆಗೆ ಎಡಗಡೆಯ ಕಾಲಂನಲ್ಲೂ ಹಿಲರಿಯೇ ಮುಂದಿದ್ದರು, ಅದು ನಿಜ. ಆದರೆ ಆರು ತಿಂಗಳು ಟಿವಿಯಲ್ಲಿ ದೊಡ್ಡ ಅಂಕಿ ನೋಡಿ ನೋಡಿ "ಇದು ಮುಗಿದ ಕತೆ" ಅನ್ನಿಸಿಬಿಟ್ಟರೆ ಮತ ಹಾಕಲು ಯಾರು ಹೋಗುತ್ತಾರೆ? ಒಳಗಿನವರ ಬಲ ಇರುವುದು ಇಲ್ಲಿ.

ಎರಡನೇ ಪುಟಕ್ಕೆ ಸ್ವಲ್ಪ ಹಳೆಯ ಕತೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ನಿಲ್ಲದೆ ಷಿಕಾಗೋ ಅಧಿವೇಶನದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಹೊರಗೆ ಬೀದಿಯಲ್ಲಿ ಗಲಾಟೆ, ಲಾಠಿ. ಆಮೇಲೆ ನಿಯಮ ಬದಲಿಸಿ ಜನರ ಕೈಗೆ ಕೊಟ್ಟರು. 1972ರಲ್ಲಿ ಹಾಗೆ ಬಂದ ಮೆಕ್‌ಗವರ್ನ್ ಅಧ್ಯಕ್ಷ ಚುನಾವಣೆಯಲ್ಲಿ ಒಂದೇ ಒಂದು ರಾಜ್ಯ ಗೆದ್ದರು. 1980ರಲ್ಲಿ ಅದೇ ಪಕ್ಷದ ಅಧ್ಯಕ್ಷ ಕಾರ್ಟರ್ ಸೋತರು. ನಾಯಕರು ಗಾಬರಿಯಾಗಿ, 1984ರಿಂದ ತಮಗೇ ಕುರ್ಚಿ ಹಾಕಿಕೊಂಡರು. ಅದೇ ಸೂಪರ್ ಡೆಲಿಗೇಟ್. 2018ರಲ್ಲಿ ಮತ್ತೆ ತಿದ್ದುಪಡಿ: ಪೈಪೋಟಿ ಇದ್ದರೆ ಅಧಿವೇಶನದ ಮೊದಲ ಸುತ್ತಿನ ಮತದಾನದಲ್ಲಿ ಅವರಿಗೆ ಮತವಿಲ್ಲ.

ಹಾಗಾದರೆ ಬಲಗಡೆಯ ಕಾಲಂ ಹರಿದು ಬಿಸಾಕಬಹುದಾ? ಬೇಡ. ಅದರಲ್ಲಿ ಈಗ ತಾರೀಖು ಬರೆಯಿರಿ. ಯಾರು, ಯಾವತ್ತು, ಯಾರಿಗೆ ಬೆಂಬಲ ಕೊಟ್ಟರು. ಯಾರು, ಯಾವತ್ತು ಕಣದಿಂದ ಹಿಂದೆ ಸರಿದರು. 2020ರ ನನ್ನ ಪುಟ ಹೀಗಿದೆ. ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಇವರ ಕತೆ ಮುಗೀತು ಅಂತ ನಾನೇ ಗೆರೆ ಎಳೆದಿದ್ದೆ. ಫೆಬ್ರವರಿ 26: ಸೌತ್ ಕೆರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೆಂಬಲ. 29: ಅಲ್ಲಿ ಬೈಡನ್‌ಗೆ ಭರ್ಜರಿ ಗೆಲುವು. ಮಾರ್ಚ್ 1: ಎದುರಾಳಿ ಬುಟಿಜೆಜ್ ಹಿಂದೆ ಸರಿದರು. 2: ಇನ್ನೊಬ್ಬ ಎದುರಾಳಿ ಕ್ಲೋಬುಷಾರ್ ಕೂಡ. ಇಬ್ಬರೂ ಬೈಡನ್ ಪಕ್ಕ ಬಂದು ನಿಂತರು. 3: ಹದಿನಾಲ್ಕು ರಾಜ್ಯಗಳ ಮತದಾನ, ಬೈಡನ್‌ಗೆ ಹತ್ತು. ಒಂದು ವಾರ, ಅಷ್ಟೆ. ನಾಮಪತ್ರ ವಾಪಸಿನ ದಿನ ನಮ್ಮ ತಾಲ್ಲೂಕು ಕಚೇರಿ ಎದುರು ಕಾರುಗಳು ಬರುವ ಹಾಗೆಯೇ, ಒಂದರ ಹಿಂದೆ ಒಂದು. ಮತ ಹಾಕಿದ್ದು ಜನರೇ, ಸರಿ. ಆದರೆ ಎಲೆಯ ಮೇಲೆ ಏನು ಬಡಿಸಬೇಕು ಅಂತ ಅಡುಗೆಮನೆಯಲ್ಲಿ ತೀರ್ಮಾನವಾಗಿತ್ತು.

ರಿಪಬ್ಲಿಕನ್ ಪಕ್ಷಕ್ಕೆ ಅರ್ಧ ಪುಟ ಸಾಕು. ಅಲ್ಲಿ ಹುದ್ದೆಯ ಬಲದಿಂದ ಡೆಲಿಗೇಟ್ ಆಗುವವರು ಪ್ರತಿ ರಾಜ್ಯಕ್ಕೆ ರಾಷ್ಟ್ರೀಯ ಸಮಿತಿಯ ಮೂವರು ಮಾತ್ರ. 2016ರಲ್ಲಿ ದೊಡ್ಡವರಲ್ಲಿ ಸುಮಾರು ಜನ ಟ್ರಂಪ್ ಬೇಡ ಅಂದರು. ಆದರೆ ಒಬ್ಬರ ಹಿಂದೆ ಎಲ್ಲರೂ ನಿಲ್ಲಲಿಲ್ಲ. ಟ್ರಂಪ್ ಗೆದ್ದರು. ದೊಡ್ಡವರು ಎಷ್ಟು ಜನ ಅನ್ನುವುದಕ್ಕಿಂತ ಒಟ್ಟಿಗೆ ಇದ್ದಾರಾ ಅಂತ ನೋಡಿ.

2024ರ ಜುಲೈ 21ಕ್ಕೆ ಬೈಡನ್ ಹಿಂದೆ ಸರಿದಾಗ ಅಕ್ಕನ ಮಗನೇ ಫೋನ್ ಮಾಡಿದ. ಪ್ರೈಮರಿ ಗೆದ್ದವರು ಕಣದಲ್ಲೇ ಇಲ್ಲ. ಎರಡೇ ದಿನದಲ್ಲಿ ಕಮಲಾ ಹ್ಯಾರಿಸ್‌ಗೆ ಸಾಕಷ್ಟು ಡೆಲಿಗೇಟ್‌ಗಳ ಬೆಂಬಲ. "ಮಾವ, ಇದು ಬಿ ಫಾರಂ ಬದಲಾದ ಹಾಗೇ ಆಯ್ತಲ್ಲ" ಅಂದ. ನಾನು ಸುಮ್ನೆ ತಾರೀಖು ಬರೆದುಕೊಂಡೆ.

ಕೊನೆಯ ಪುಟ ಖಾಲಿ ಬಿಡಿ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಎರಡನೇ ಸುತ್ತು. ಆಗ ಸೂಪರ್ ಡೆಲಿಗೇಟ್‌ಗಳಿಗೆ ಮತ ವಾಪಸ್ ಸಿಗುತ್ತದೆ. ಎರಡನೇ ಸುತ್ತು ಬೇಕಾಗಿದ್ದು 1952ರಲ್ಲೇ ಕೊನೆ. ಮತ್ತೆ ಹಾಗಾದರೆ, ಅವತ್ತು ಮಾತ್ರ ಎರಡೂ ಕಾಲಂ ಕೂಡಿಸಿ.