ಕಬ್ಬಿಣದ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕಿಸಿದ ನನ್ನ ಅನುಭವ

ಮಲ್ಪೆ ಕಡಲಿಗೆ ಹತ್ತಿರದ ಊರು ನಮ್ಮದು. ಸಣ್ಣಪುಟ್ಟ ಮನೆಗಳ ಗುತ್ತಿಗೆ ಕೆಲಸ ಮಾಡಿಸುವುದು ನನ್ನ ಕಸುಬು. ಹಾಗಾಗಿ ಉಪ್ಪುಗಾಳಿ ಕಬ್ಬಿಣವನ್ನು ಏನು ಮಾಡುತ್ತದೆ ಅಂತ ಬೇರೆಯವರ ಮನೆಯಲ್ಲಿ ಸಾಕಷ್ಟು ನೋಡಿದ್ದೇನೆ. ಈ ಸಲ ನಮ್ಮದೇ ಮನೆಯ ಸರದಿ ಬಂತು.

ಅಪ್ಪ ಮನೆ ಕಟ್ಟಿಸುವಾಗ ಮರ ದುಬಾರಿ ಅಂತ ಎಲ್ಲ ಕಿಟಕಿಗೂ ಝಡ್ ಸೆಕ್ಷನ್, ಅಂದರೆ ಇಂಗ್ಲಿಷಿನ Z ಆಕಾರದ ಪಟ್ಟಿಯ, ಕಬ್ಬಿಣದ ಫ್ರೇಮ್ ಕೂರಿಸಿದ್ದರು. ಎರಡು ವರ್ಷಕ್ಕೊಮ್ಮೆ ಉಜ್ಜಬೇಕು, ರೆಡ್ ಆಕ್ಸೈಡ್ ಬಳಿಯಬೇಕು, ಮೇಲೆ ಎನಾಮಲ್ ಹೊಡೆಯಬೇಕು. ಆದರೆ ತುಕ್ಕು ಶುರುವಾಗುವುದು ನಾವು ಬಣ್ಣ ಬಳಿಯುವ ಮುಖದಲ್ಲಲ್ಲ. ಗಾಜಿನ ಅಂಚಿನ ಪುಟ್ಟಿ ಬಿರುಕು ಬಿಟ್ಟ ಕಡೆ ನೀರು ಇಳಿದು ಕೆಳಗಿನ ಪಟ್ಟಿಯೊಳಗೆ ನಿಲ್ಲುತ್ತದೆ. ಅಲ್ಲಿಗೆ ಬ್ರಶ್ ಹೋಗುವುದೇ ಇಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಅದು ಉಬ್ಬಿದ ಒತ್ತಡಕ್ಕೆ ಗಾಜು ಮೂಲೆಯಿಂದ ಸೀಳುತ್ತದೆ, ಪಕ್ಕದ ಸಾರಣೆಯೂ ಏಳುತ್ತದೆ. ನಮ್ಮ ಪಡುವಣ ಗೋಡೆಯ ಕಿಟಕಿಗಳ ಕೆಳಪಟ್ಟಿಯನ್ನು ಕೈಯಲ್ಲೇ ಪದರ ಪದರವಾಗಿ ಎಬ್ಬಿಸಬಹುದಿತ್ತು.

ಮನೆಯವಳಿಗೂ ಮಗಳಿಗೂ ಬೇಕಾಗಿದ್ದದ್ದು ಈಗ ಎಲ್ಲ ಕಡೆ ಕಾಣುವ ಆ ಕಪ್ಪು ಚೌಕಳಿ ಕಿಟಕಿ. ತೆಳು ಕಪ್ಪು ಪಟ್ಟಿ, ಸಣ್ಣ ಸಣ್ಣ ಗಾಜಿನ ಚೌಕಗಳು. ಇದರ ಮೂಲ ಇಂಗ್ಲೆಂಡಿನ ಉಕ್ಕಿನ ಕಿಟಕಿ. ಎಸೆಕ್ಸಿನ ಕ್ರಿಟಾಲ್ ಕಂಪನಿ ಅದನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಮಾಡಲು ಶುರು ಮಾಡಿತ್ತು, ಇವತ್ತಿಗೂ ಆ ಹೆಸರಲ್ಲೇ ಆ ಶೈಲಿ ಓಡುತ್ತಿದೆ. ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಗ್ಯಾಲ್ವನೈಸ್ ಮಾಡಿದ (ಸತುವಿನ ಲೇಪ ಕೊಟ್ಟ) ಸ್ಲಿಮ್ ಸ್ಟೀಲ್‌ಗೆ ಬಂದ ಕೊಟೇಶನ್ ನಾನು ಕೊನೆಗೆ ಅಲ್ಯೂಮಿನಿಯಂಗೆ ಕೊಟ್ಟದ್ದರ ದುಪ್ಪಟ್ಟಿಗೂ ಮೀರಿತ್ತು. ಊರ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನಿಂದ ಮಾಡಿಸಿದರೆ ಅಗ್ಗ, ಆದರೆ ಮತ್ತೆ ಅದೇ ತುಕ್ಕು.

ಹಾಗಾಗಿ ಅಲ್ಯೂಮಿನಿಯಂ ಅಂತ ತೀರ್ಮಾನವಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಅಂದರೆ ತುಕ್ಕು ಹಿಡಿಯದ ಉಕ್ಕು ಅಂತ ಅಂದುಕೊಂಡು ಅಂಗಡಿಗೆ ಹೋಗಬೇಡಿ. ಅದರ ತೂಕ ಉಕ್ಕಿನ ಮೂರನೇ ಒಂದು ಭಾಗ, ಬಾಗದೆ ನಿಲ್ಲುವ ಬಿಗಿಯೂ ಹೆಚ್ಚುಕಡಿಮೆ ಮೂರನೇ ಒಂದು ಭಾಗವೇ. ಉಕ್ಕಿನಲ್ಲಿ ಬೆರಳಗಲದ ಪಟ್ಟಿ ಮಾಡುವ ಕೆಲಸಕ್ಕೆ ಇಲ್ಲಿ ಆಳವಾದ ಸೆಕ್ಷನ್ ಬೇಕು. ಮುಂದಿನಿಂದ ಪಟ್ಟಿ ತೆಳ್ಳಗೆ ಕಾಣಬೇಕು ಅಂದರೆ ಒಳಗಿನ ಕಡೆಗೆ ಅದು ಉದ್ದ ಇರಲೇಬೇಕು. ಎರಡೂ ಕಡೆ ತೆಳ್ಳಗಿದೆ ಅಂತ ಯಾರಾದರೂ ತೋರಿಸಿದರೆ ಆ ಬಾಗಿಲನ್ನು ಒಮ್ಮೆ ಹಿಡಿದು ಅಲ್ಲಾಡಿಸಿ ನೋಡಿ.

ಈಗ ರೇಟಿನ ವಿಷಯ. ನಮ್ಮ ಕಡೆ ಜನ ಮೋಸ ಹೋಗುವುದು ಇಲ್ಲೇ. ಸೆಕ್ಷನ್ ಅಂದರೆ ಫ್ರೇಮ್ ಮಾಡುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ, ಪೈಪು. ಕಿಟಕಿ ಮಾಡಿಕೊಡುವ ಫ್ಯಾಬ್ರಿಕೇಟರ್ ಕೈಗೆ ಅದು ಬರುವುದು ಕಿಲೋ ಲೆಕ್ಕದಲ್ಲಿ. ಅವನು ನಮಗೆ ಹೇಳುವುದು ಚದರಡಿ ಲೆಕ್ಕದಲ್ಲಿ. ಈ ಎರಡು ಲೆಕ್ಕದ ನಡುವೆಯೇ ಎಲ್ಲ ಆಟ. ಒಬ್ಬ ಚದರಡಿಗೆ ಕಡಿಮೆ ಹೇಳಿದ ಅಂದರೆ ಅವನು ಲಾಭ ಬಿಟ್ಟುಕೊಟ್ಟ ಅಂತ ಅಲ್ಲ, ಬಹಳ ಸಲ ಲೋಹವನ್ನೇ ಬಿಟ್ಟಿರುತ್ತಾನೆ.

ಉದಾಹರಣೆಗೆ ಪಾರ್ಟಿಶನ್ನಿಗೆ ಹಾಕುವ ನಾಲ್ಕು ಇಂಚು ಬೈ ಒಂದೂಮುಕ್ಕಾಲು ಇಂಚಿನ ಪೈಪ್ ತೆಗೆದುಕೊಳ್ಳಿ. 12 ಅಡಿಯ ಒಂದು ಉದ್ದ, 1.5 ಮಿ.ಮೀ. ದಪ್ಪ ಇದ್ದರೆ ಸುಮಾರು 4.2 ಕಿಲೋ ತೂಗುತ್ತದೆ. 1.2 ಮಿ.ಮೀ. ಆದರೆ 3.4 ಕಿಲೋ. 0.9 ಆದರೆ 2.6 ಕಿಲೋಗೂ ಸ್ವಲ್ಪ ಕಡಿಮೆ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಿಡಿಸಿ ಕಾಯಿಸುವುದು) ಆದ ಮೇಲೆ ಮೂರೂ ನೋಡಲಿಕ್ಕೆ ಒಂದೇ. ಕೈಯಲ್ಲಿ ಹಿಡಿದರೂ ಹೊಸಬರಿಗೆ ಗೊತ್ತಾಗುವುದಿಲ್ಲ.

ನಾನು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಕಿಸೆಯಲ್ಲೇ ಇಟ್ಟುಕೊಂಡು ಹೋದೆ. ಮೊದಲ ಅಂಗಡಿಯಲ್ಲಿ ಹುಡುಗ ಸ್ಯಾಂಪಲ್ ಕಿಟಕಿ ತೋರಿಸಿದ. ಗಟ್ಟಿಮುಟ್ಟಾಗಿತ್ತು. "ಇದು ಬೇಡ ಮಾರಾಯಾ, ಕತ್ತರಿಸಿ ಉಳಿದ ತುಂಡು ತೋರಿಸು" ಅಂದೆ. ಮೂಲೆಯಿಂದ ಒಂದು ತುಂಡು ತಂದ. ಅಳೆದರೆ ಒಂದು ಗೋಡೆ 1.2, ಎದುರು ಗೋಡೆ 0.9.

"ಜಿಂದಾಲೇ ಸರ್, ಎಲ್ಲರೂ ಇದೇ ಹಾಕೋದು" ಅಂದ.

ಬೆಂಗಳೂರಿನ ಆ ಕಂಪನಿಯ ಹೆಸರು ನಮ್ಮಲ್ಲಿ ಅಲ್ಯೂಮಿನಿಯಂಗೇ ಇನ್ನೊಂದು ಹೆಸರು ಅನ್ನುವ ಹಾಗೆ ಆಗಿಬಿಟ್ಟಿದೆ. ಒಳ್ಳೆ ಮಾಲಿನ ಮೇಲೆ ಕಂಪನಿಯ ಗುರುತೋ ಸ್ಟಿಕ್ಕರೋ ಇರುತ್ತದೆ. ಗುಜರಿ ಕರಗಿಸಿ ಎಳೆದ ಲೋಕಲ್ ಸೆಕ್ಷನ್ನಿಗೂ ಅದೇ ಹೆಸರು ಹೇಳುವವರು ಇದ್ದಾರೆ. ಅದಕ್ಕೇ ಹೆಸರು ಕೇಳಿ ಸುಮ್ನಾಗಬಾರದು. ಬಿಲ್ಲಿನಲ್ಲಿ ಮಿಶ್ರಲೋಹ 6063 (ಕಿಟಕಿ ಸೆಕ್ಷನ್ನಿಗೆ ಬಳಸುವ ಅಲ್ಯೂಮಿನಿಯಂ ದರ್ಜೆ) ಅಂತ, ಸೆಕ್ಷನ್ ದಪ್ಪ ಇಷ್ಟು ಮಿ.ಮೀ. ಅಂತ, ಒಟ್ಟು ತೂಕ ಇಷ್ಟು ಅಂತ ಬರೆದು ಕೊಡಿ ಅಂತ ಕೇಳಿದೆ. ಇಬ್ಬರು ಆಗುವುದಿಲ್ಲ ಅಂದರು. ಬರೆದು ಕೊಡಲು ಒಪ್ಪಿದವನಿಗೇ ಕೆಲಸ ಕೊಟ್ಟೆ. ಅವನ ಚದರಡಿ ರೇಟು ಜಾಸ್ತಿ ಇತ್ತು, ಕಿಲೋಗೆ ಭಾಗಿಸಿದಾಗ ಅವನೇ ಅಗ್ಗ.

ಹೋಲಿಸುವಾಗ ಇನ್ನೊಂದು ನೋಡಿ. ಚದರಡಿ ರೇಟಿನಲ್ಲಿ ಗಾಜು ಸೇರಿದೆಯೇ, ಎಷ್ಟು ಮಿ.ಮೀ. ಗಾಜು, ಸೊಳ್ಳೆ ಪರದೆ, ಲಾಕ್, ಕೂರಿಸುವ ಕೂಲಿ, ಸಿಲಿಕೋನ್, 18 ಪರ್ಸೆಂಟ್ ಜಿಎಸ್‌ಟಿ, ಇವೆಲ್ಲ ಒಳಗೋ ಹೊರಗೋ? ಒಂದೊಂದು ಅಂಗಡಿಯಲ್ಲಿ ಒಂದೊಂದು ಥರ ಹೇಳುತ್ತಾರೆ.

ಸ್ಲೈಡಿಂಗ್ ಬೇಕೋ ತೆರೆಯುವ ಕಿಟಕಿ ಬೇಕೋ ಅನ್ನುವುದನ್ನು ನಮ್ಮಲ್ಲಿ ಮಳೆಯೇ ತೀರ್ಮಾನ ಮಾಡುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಗೆ ಅದು ಅಡ್ಡಡ್ಡ ಹೊಡೆಯುತ್ತದೆ, ಸಜ್ಜ ಇದ್ದರೂ ಅಷ್ಟೇ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್ ತುಂಬಿ ಒಳಗೆ ಹರಿದರೆ ಹಾಸಿಗೆ ಒದ್ದೆ. ಅದರ ಅಂಚಿನ ಬ್ರಶ್ಶಿನಂಥ ವೂಲ್‌ಪೈಲ್ ಧೂಳು ತಡೆಯುತ್ತದೆ, ಗಾಳಿ ತಳ್ಳುವ ನೀರನ್ನು ತಡೆಯುವುದಿಲ್ಲ. ತೆರೆಯುವ ಕಿಟಕಿ ಹಾಗಲ್ಲ. ಮುಚ್ಚಿ ಹ್ಯಾಂಡಲ್ ತಿರುಗಿಸಿದರೆ ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಕೂರುತ್ತದೆ. ಅದಕ್ಕೆ ಪಡುವಣ ಗೋಡೆಗೆ ಹೊರಗೆ ತೆರೆಯುವ ಕಿಟಕಿ, ಉಳಿದ ಕಡೆ ಅಗ್ಗದ ಮೂರು ಟ್ರ್ಯಾಕಿನ ಸ್ಲೈಡಿಂಗ್. ಎಲ್ಲ ಕಿಟಕಿಯೂ ಒಂದೇ ಥರ ಇರಬೇಕು ಅನ್ನುವ ಹಟ ಬಿಟ್ಟರೆ ಬಹಳ ಹಣ ಉಳಿಯುತ್ತದೆ.

ಸ್ಲೈಡಿಂಗ್ ಹಾಕಿಸುವವರು ಟ್ರ್ಯಾಕಿನ ನೀರಿನ ತೂತು ಎಲ್ಲಿದೆ ಅಂತ ತೋರಿಸಲು ಹೇಳಿ. ಹೊರಗಿನ ಗೋಡೆಗೆ ಇರಬೇಕು, ಎರಡೂ ತುದಿಗೆ ಇರಬೇಕು, ಅಡ್ಡಕ್ಕೆ ಸೀಳಿದ ಹಾಗೆ ಉದ್ದ ಇರಬೇಕು. ಡ್ರಿಲ್ಲಿನ ಗುಂಡು ತೂತಿನಲ್ಲಿ ನೀರಿನ ಹನಿ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಒಂದು ಕಿಟಕಿಗೆ ತೂತು ಸರಿಯಾಗಿತ್ತು, ಆದರೆ ಕೂರಿಸುವವನು ಹೊರಗಿನಿಂದ ಸಿಲಿಕೋನ್ ಎಳೆಯುವಾಗ ಅದನ್ನೇ ಮುಚ್ಚಿಬಿಟ್ಟ. ಸಿಲಿಕೋನ್ ಒಣಗಿದ ಮೇಲೆ ಪೈಪಿನಿಂದ ನೀರು ಬಿಟ್ಟು ನೋಡಿದಾಗ ಟ್ರ್ಯಾಕ್ ತುಂಬಿತು. ಅಲ್ಲೇ ಬ್ಲೇಡಿನಿಂದ ಕೊರೆದು ತೆಗೆಸಿದೆ. ಮಳೆಗಾಲಕ್ಕೆ ಕಾಯಬೇಡಿ, ಬಾಕಿ ಹಣ ಕೊಡುವ ಮೊದಲೇ ನೀರು ಬಿಡಿ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯವರಿಗೆ ಒಂದು ಕಿವಿಮಾತು. ಹಳೆ ಫ್ರೇಮ್ ಕಿತ್ತಾಗ ಗೋಡೆಯಲ್ಲಿ ಉಳಿಯುವ ಕಿಂಡಿ ನೇರ ಇರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಎರಡು ಕರ್ಣವನ್ನೂ ಅಳೆಯಿರಿ. ಎಲ್ಲಕ್ಕಿಂತ ಸಣ್ಣ ಅಳತೆ ಹಿಡಿದು, ಸುತ್ತ 5 ಮಿ.ಮೀ. ಸಂದು ಬಿಟ್ಟು ಫ್ರೇಮ್ ಮಾಡಿಸಿ. ಆ ಸಂದು ಸುಮ್ನೆ ಅಲ್ಲ. ಅಲ್ಯೂಮಿನಿಯಂ ಬಿಸಿಲಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಆರಡಿ ಉದ್ದದ ಕಪ್ಪು ಪಟ್ಟಿ 40 ಡಿಗ್ರಿ ಬಿಸಿಯೇರಿದರೆ ಒಂದೂವರೆ ಮಿ.ಮೀ.ಗೂ ಮೀರಿ ಬೆಳೆಯುತ್ತದೆ. ಮುರಕಲ್ಲಿಗೆ ಗಿಡ್ಡ ಸ್ಕ್ರೂ ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ನಾನು ಅಂಚಿಗೆ ಕಾಂಕ್ರೀಟ್ ಕಟ್ಟಿಸಿ, ಅದರೊಳಗೆ ಉದ್ದ ಫಾಸ್ಟನರ್ ಹಾಕಿಸಿದೆ.

ಇನ್ನು ಗ್ರಿಲ್. ಕಬ್ಬಿಣದ ಕಿಟಕಿಯಲ್ಲಿ ಗ್ರಿಲ್ ಫ್ರೇಮಿಗೇ ವೆಲ್ಡ್ ಆಗಿರುತ್ತದೆ, ಅದರ ಖರ್ಚು ಬೇರೆ ಕಾಣುವುದಿಲ್ಲ. ಅಲ್ಯೂಮಿನಿಯಂನಲ್ಲಿ ಗ್ರಿಲ್ಲಿಗೆ ಬೇರೆಯೇ ದುಡ್ಡು. ಎರಡರ ರೇಟು ಹೋಲಿಸುವಾಗ ಇದನ್ನು ಕೂಡಿಸದೆ "ಅಲ್ಯೂಮಿನಿಯಂ ಅಗ್ಗ" ಅನ್ನುವವರನ್ನು ನಂಬಬೇಡಿ. ನಾವು 304 ಗ್ರೇಡಿನ ಸ್ಟೇನ್‌ಲೆಸ್ ಪೈಪಿನ ಗ್ರಿಲ್ ಮಾಡಿಸಿ ಗೋಡೆಗೇ ಕೂರಿಸಿದೆವು. ಕಡಲ ಹತ್ತಿರ ಅದರ ಮೇಲೂ ಕಂದು ಚುಕ್ಕೆ ಬರುತ್ತದೆ, ನೀರು ಹಾಕಿ ಒರೆಸಿದರೆ ಆಯಿತು. ಸ್ಲೈಡಿಂಗಿಗೆ ಗ್ರಿಲ್ ಹೊರಗೆ. ಹೊರಗೆ ತೆರೆಯುವ ಕಿಟಕಿಗೆ ಗ್ರಿಲ್ ಒಳಗೆ, ಕೈ ತೂರಿಸಿ ಹ್ಯಾಂಡಲ್ ತಿರುಗಿಸುವಷ್ಟು ಜಾಗ ಬೇಕು. ಅಮ್ಮನ ಕೈ ಬಳೆ ಸಮೇತ ತೂರುತ್ತದೆಯೇ ಅಂತ ನೋಡಿಯೇ ಪೈಪಿನ ನಡುವಿನ ಅಂತರ ಗುರುತು ಹಾಕಿದ್ದು. ಅಲ್ಲಿ ಸೊಳ್ಳೆ ಪರದೆಗೆ ಟ್ರ್ಯಾಕ್ ಇಲ್ಲವಲ್ಲ, ವೆಲ್ಕ್ರೋ ಪಟ್ಟಿಯ ಪರದೆ ಅಂಟಿಸಿದೆವು. ಚಂದವೇನಲ್ಲ, ಸೊಳ್ಳೆ ಬರುವುದಿಲ್ಲ.

ಆ ಕಪ್ಪು ಚೌಕಳಿ ಎಲ್ಲಿಗೆ ಬಂತು ಅಂತ ಕೇಳುತ್ತೀರಿ ಅಲ್ವಾ? ನಿಜವಾಗಿ ಗಾಜನ್ನು ಸಣ್ಣ ಚೌಕಗಳಾಗಿ ಒಡೆದು ಪಟ್ಟಿ ಹಾಕಿದರೆ ಪ್ರತಿ ಸಂದಿಯೂ ನೀರು ಸೋರುವ ಜಾಗ, ಖರ್ಚೂ ಜಾಸ್ತಿ. ನಾವು ಒಂದೇ ಇಡೀ ಗಾಜು ಹಾಕಿಸಿ, ಅದರ ಎರಡೂ ಮುಖಕ್ಕೆ ಒಂದರ ನೇರಕ್ಕೆ ಇನ್ನೊಂದು ಬರುವ ಹಾಗೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದೆವು. ಒಳಗೊಂದು ಹೊರಗೊಂದು ಇದ್ದರೆ ಮಾತ್ರ ಓರೆಯಿಂದ ನೋಡಿದಾಗ ಸುಳ್ಳು ಗೊತ್ತಾಗುವುದಿಲ್ಲ. ಪಡುವಣ ಕಿಟಕಿಗಳಿಗೆ ಇದನ್ನು ಮಾಡಿಸಲಿಲ್ಲ, ಬಿಸಿಲು ಮಳೆಗೆ ಅಂಟು ಬಿಡುತ್ತದೆ ಅನ್ನುವ ಅಂಜಿಕೆ. ಚೌಕಳಿ ಇರುವುದು ಜಗಲಿ ಕಡೆಯ ಕಿಟಕಿಗೆ, ಮತ್ತೆ ಚಾವಡಿಗೂ ಊಟದ ಕೋಣೆಗೂ ನಡುವಿನ ಬಾಗಿಲಿಗೆ.

ಆ ಬಾಗಿಲಿಗೆ ಮೂರಡಿ ಅಗಲ, ಏಳಡಿ ಎತ್ತರ. 8 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಹಾಕಿದರೆ ಗಾಜೇ ಸುಮಾರು 39 ಕಿಲೋ ಆಗುತ್ತದೆ. ತೆಳು ಫ್ರೇಮ್ ಅದನ್ನು ಹೊತ್ತು ತಿರುಗಲಾರದು, ಕೆಲವು ತಿಂಗಳಲ್ಲೇ ತುದಿ ಇಳಿಯುತ್ತದೆ. 5 ಮಿ.ಮೀ. ಟಫನ್ಡ್ ಸಾಕು ಅಂದೆ, ತೂಕ ಸುಮಾರು 24 ಕಿಲೋಗೆ ಇಳಿಯಿತು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ತೂತು ಕೊರೆಯಲೂ ಬರುವುದಿಲ್ಲ. ಹಿಡಿ, ಬೀಗ ಎಲ್ಲಿ ಬರುತ್ತದೆ ಅನ್ನುವುದು ಆರ್ಡರ್ ಕೊಡುವ ಮೊದಲೇ ಮುಗಿದಿರಬೇಕು.

ಹಿಂಬಾಗಿಲಿಗೆ ಮಾತ್ರ ಅಲ್ಯೂಮಿನಿಯಂ ಹಾಕಿಸಲಿಲ್ಲ. ಅಲ್ಲಿ ಬೇಕಾದದ್ದು ಭದ್ರತೆ, ನೋಟ ಅಲ್ಲ. ಗ್ಯಾಲ್ವನೈಸ್ ಆದ ಉಕ್ಕಿನ ಬಾಗಿಲೇ ಸರಿ.

ಬಣ್ಣದ ಬಗ್ಗೆ: ಪೌಡರ್ ಕೋಟಿಂಗಿನ ದಪ್ಪ 60 ಮೈಕ್ರಾನಿಗಿಂತ ಕಡಿಮೆ ಇರಬಾರದು, ಕೋಟಿಂಗಿಗೆ ಮೊದಲು ರಾಸಾಯನಿಕದಲ್ಲಿ ತೊಳೆದಿರಬೇಕು. ತುಂಡಿನ ಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಗಮ್ ಟೇಪ್ ಅಂಟಿಸಿ ಎಳೆದು ನೋಡಿ. ಪುಡಿ ಟೇಪಿಗೆ ಬಂದರೆ ಬೇಡ. ಕತ್ತರಿಸಿದ ತುದಿಗಳಿಗೆ ಬಣ್ಣ ಇರುವುದಿಲ್ಲ, ಉಪ್ಪು ಅಲ್ಲಿಂದಲೇ ಕೋಟಿಂಗಿನ ಅಡಿಗೆ ಹರಿದಾಡುತ್ತದೆ. ಮೂಲೆ ಜೋಡಿಸುವ ಮೊದಲು ತುದಿಗೆ ಸಿಲಿಕೋನ್ ಸವರಿಸಿದೆ, ಹುಡುಗರು ಗೊಣಗಿದರೂ ಮಾಡಿದರು. ಸ್ಕ್ರೂ ಎಲ್ಲ ಸ್ಟೇನ್‌ಲೆಸ್. ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ಅದು ತುಕ್ಕು ಹಿಡಿದು ಕಪ್ಪು ಫ್ರೇಮಿನ ಮೇಲೆ ಕೆಂಪು ನೀರು ಇಳಿಸುತ್ತದೆ. ಹಸಿ ಸಿಮೆಂಟ್ ತಾಗಿದರೂ ಅಲ್ಯೂಮಿನಿಯಂಗೆ ಹೋಗದ ಕಲೆ, ಹಾಗಾಗಿ ಸಾರಣೆ, ಪುಟ್ಟಿ ಎಲ್ಲ ಮುಗಿದ ಮೇಲೆಯೇ ಕಿಟಕಿ ಕೂರಿಸಿದ್ದು. ಫ್ರೇಮಿನ ಮೇಲೆ ಅಂಟಿಸಿ ಬರುವ ಪ್ಲಾಸ್ಟಿಕ್ ಟೇಪನ್ನು ಮಾತ್ರ ಬೇಗ ಕೀಳಿ. ಬಿಸಿಲಲ್ಲಿ ಬಿಟ್ಟರೆ ಅದು ಅಂಟಿ ಪುಡಿಪುಡಿಯಾಗಿ ಬರುತ್ತದೆ.

ಹಳೆ ಕಬ್ಬಿಣದ ಫ್ರೇಮ್‌ಗಳು ಗುಜರಿಗೆ ಹೋದವು. ಉಳಿದ ಅಲ್ಯೂಮಿನಿಯಂ ತುಂಡುಗಳನ್ನು ಅಂಗಡಿಯವನಿಗೆ ಬಿಡಬೇಡಿ, ಗುಜರಿಯಲ್ಲಿ ಅದಕ್ಕೆ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಬೆಲೆ. ನಾನು ಒಂದೆರಡು ತುಂಡು ಇಟ್ಟುಕೊಂಡೆ. ಸ್ಲೈಡಿಂಗಿನ ಬೇರಿಂಗ್ (ಅಡಿಯ ಚಕ್ರ) ನಾಲ್ಕೈದು ವರ್ಷಕ್ಕೆ ಸವೆಯುತ್ತದೆ, ಅಷ್ಟರಲ್ಲಿ ಅದೇ ಸೆಕ್ಷನ್ ಸಿಗದೆಯೂ ಹೋಗಬಹುದು. ತುಂಡು ತೋರಿಸಿದರೆ ಹೊಂದುವ ಬೇರಿಂಗ್ ಹುಡುಕಲು ಸುಲಭ. ಬೇರಿಂಗ್ ಕೂಡ ಎರಡು ಜೊತೆ ಆಗಲೇ ಕೊಂಡು, ತುಂಡಿನ ಜೊತೆ ಒಂದೇ ಚೀಲದಲ್ಲಿ ಅಟ್ಟದ ಮೇಲೆ ಇಟ್ಟಿದ್ದೇನೆ.