ಹದಿನೇಳರ ಬಸುರಿ ಮನೆಯಲ್ಲಿದ್ದರೆ ಏನು ಮಾಡಬೇಕು

ಅಂಕೋಲೆಯ ಕಡಲ ಬದಿಯ ಊರಲ್ಲಿ ನಾನು ಆಶಾ ಕಾರ್ಯಕರ್ತೆ. "ಕಡಿಮೆ ತಿನ್ನಲಿ, ಮಗು ಸಣ್ಣದಿದ್ರೆ ಹೆರಿಗೆ ಸಲೀಸು" ಅಂತ ಅತ್ತೆಯರು ಹೇಳೋದುಂಟು. ಮೊದಲು ಇದನ್ನು ಬಿಡಿ. ಮುಟ್ಟು ಶುರುವಾದ ಮೇಲೂ ಹುಡುಗಿ ಕೆಲವು ವರ್ಷ ಎತ್ತರ ಬೆಳೆಯುತ್ತಾಳೆ. ಸರಿಯಾಗಿ ಉಣ್ಣದವಳು ನಿಧಾನಕ್ಕೆ, ಜಾಸ್ತಿ ಕಾಲ ಬೆಳೆಯುತ್ತಾಳೆ. ಸೊಂಟದ ಮೂಳೆ ಅಗಲವಾಗೋದು ಅದಕ್ಕೂ ತಡ. ಈಗ ಬಸುರಾದರೆ ಒಂದೇ ಊಟಕ್ಕೆ ಬೆಳೆಯುವ ಮೈ ಎರಡು. ಅವಳ ಎತ್ತರ ಅಲ್ಲಿಗೇ ನಿಲ್ಲಬಹುದು, ಮಗುವೂ ಬಡಕಲಾಗಬಹುದು.

ಮುಟ್ಟು ತಪ್ಪಿದ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಬಸುರು ಮುಂದುವರಿಸಬೇಕೋ ಬೇಡವೋ ಅನ್ನೋದನ್ನೂ ಡಾಕ್ಟರ ಹತ್ತಿರ ಆಗಲೇ ಮಾತಾಡಿ, ಅವಳನ್ನೂ ಕೇಳಿ. ವಯಸ್ಸು ಮಾತ್ರ ಸುಳ್ಳು ಹೇಳಬೇಡಿ. 18 ತುಂಬದಿದ್ದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಂತೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆ ಹೆದರಿಕೆಗೆ ಹತ್ತೊಂಬತ್ತು ಅಂತ ಬರೆಸಿದರೆ ಡಾಕ್ಟರಿಗೆ ಸಿಗೋದು ಬೇರೆಯೇ ಹುಡುಗಿಯ ಲೆಕ್ಕ.

ಎತ್ತರ ಅಳೆಸಿ. ಚಪ್ಪಲಿ ಬಿಡಿಸಿ, ತುರುಬು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ರಟ್ಟಿನ ಪುಸ್ತಕ ಅಡ್ಡ ಹಿಡಿದು ಗೆರೆ ಎಳೆಯಬೇಕು. ಅಂದಾಜು ಬೇಡ. ಈ ವಯಸ್ಸಿನವರಿಗೆ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಯೇ ಒಳ್ಳೆಯದು, 140 ಸೆಂ.ಮೀ.ಗಿಂತ ಗಿಡ್ಡವಿದ್ದರಂತೂ ಎರಡು ಮಾತಿಲ್ಲ. ಮಳೆಗಾಲದ ಹೆರಿಗೆಯಾದರೆ ದಿನ ತುಂಬುವ ಮುಂಚೆಯೇ ಆಸ್ಪತ್ರೆ ಹತ್ತಿರದ ನೆಂಟರ ಮನೆ ಸೇರಿಸಿ. ಗುಡ್ಡ ಕುಸಿದರೆ ರಸ್ತೆ ಏನಾಗುತ್ತದೆ ಅಂತ 2024ರಲ್ಲಿ ಶಿರೂರಿನಲ್ಲಿ ನೋಡಿದ್ದೇವಲ್ಲ.

ಊಟದಲ್ಲಿ ಗಂಜಿ-ಉಪ್ಪಿನಕಾಯಿ ಸಾಲದು. ಮುಳ್ಳು ಸಮೇತ ತಿನ್ನಬಹುದಾದ ಸಣ್ಣ ಮೀನು, ಮೊಟ್ಟೆ, ಹೆಸರುಕಾಳು, ನುಗ್ಗೆಸೊಪ್ಪು, ರಾಗಿ ಅಂಬಲಿ ಇರಲಿ. ಎಲ್ಲರೂ ಉಂಡ ಮೇಲೆ ಅವಳು ಅನ್ನೋದು ಬೇಡ, ಮೊದಲೇ ಬಡಿಸಿ. ಅಂಗನವಾಡಿಯ ಮಾತೃಪೂರ್ಣ ಊಟ ಅವಳದೇ ಪಾಲು.

ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದು, ಕಡಿಮೆ ಅಂದರೆ 180 ದಿನ. ಚಹಾದ ಜೊತೆ ಬೇಡ, ಲಿಂಬು ಶರಬತ್ತಿನ ಜೊತೆ ಕೊಡಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾಗುತ್ತದೆ, ಗಾಬರಿಯಾಗಬೇಡಿ.

ಬಾಣಂತನದಲ್ಲಿ ಬರೀ ಅನ್ನ-ಮೆಣಸಿನ ಸಾರು ಕೊಟ್ಟು ಮೀನು-ಸೊಪ್ಪು ತಪ್ಪಿಸಬೇಡಿ. ಹಾಲೂಡಿಸುವಾಗ ಅವಳ ಮೂಳೆಯಿಂದಲೂ ಸುಣ್ಣ ಹೋಗುತ್ತದೆ. ಎರಡೂ ಮಾತ್ರೆ ಇನ್ನೂ ಆರು ತಿಂಗಳು ನಡೆಯಲಿ. ಮುಂದಿನ ಬಸುರು ತಡೆಯುವ ದಾರಿಯನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ನರ್ಸಮ್ಮನ ಹತ್ತಿರ ಕೇಳಿಕೊಳ್ಳಿ.