ತೊಗರಿ ತೂಕದ ಲಿಸ್ಟ್‌ನಿಂದ ಸೊನ್ನೆಗಳನ್ನು ತೆಗೆಯುವ ಬಗೆ: ನನ್ನ ಅನುಭವ

ಕಲಬುರಗಿಯ ನೆಹರೂ ಗಂಜ್‌ನಲ್ಲಿರುವ ಅಡತ್ (ದಲ್ಲಾಳಿ) ಅಂಗಡಿಯೊಂದರ ಲೆಕ್ಕದ ಪ್ರೋಗ್ರಾಂ ನಾನು ಬರೆದದ್ದು. ತೊಗರಿಯ ಹಂಗಾಮು ಶುರುವಾದರೆ ಪ್ರತಿ ರೈತರ ಮಾಲಿನ ತೂಕ, ಬಂದ ಸರದಿಯಲ್ಲೇ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಲಿಸ್ಟ್‌ಗೆ ಸೇರುತ್ತ ಹೋಗುತ್ತದೆ. ದರ ಒಪ್ಪಿಗೆಯಾಗದೆ ಯಾರಾದರೂ ಮಾಲು ವಾಪಸ್ ಒಯ್ದರೆ ಮುನೀಮರು ಅಲ್ಲಿ 0 ನಮೂದಿಸುತ್ತಾರೆ. ಸಂಜೆ ಪಟ್ಟಿ ಮುದ್ರಿಸುವ ಮುಂಚೆ ಆ ಸೊನ್ನೆಗಳು ಹೋಗಬೇಕು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಾದ್ದರಿಂದ ನನ್ನ ಲಿಸ್ಟ್‌ಗೆ ‘ತೂಕ’ ಎಂದೇ ಹೆಸರಿಟ್ಟಿದ್ದೇನೆ. ಮುನೀಮರಿಗೂ ಅದು ಓದಲು ಬರುತ್ತದೆ.

ಎಲ್ಲರೂ ಮೊದಲು ಕಲಿಯುವುದು ‘ರಿಮೂವ್’. ಅದು ನೋಡುವುದು ಬೆಲೆಯನ್ನು (ದರವಲ್ಲ, ಲಿಸ್ಟ್‌ನಲ್ಲಿರುವ ಅಂಕಿ), ಸ್ಥಾನವನ್ನಲ್ಲ. ಇಬ್ಬರು ರೈತರ ಮಾಲು 520 ಕಿಲೋ ಇದ್ದು, ಎರಡನೆಯವರದನ್ನು ತೆಗೆಯಬೇಕಾದರೂ ‘ರಿಮೂವ್’ ಮೊದಲನೆಯವರದನ್ನೇ ತೆಗೆಯುತ್ತದೆ. ಕೇಳಿದ ಬೆಲೆ ಲಿಸ್ಟ್‌ನಲ್ಲಿ ಇಲ್ಲದಿದ್ದರೆ ವ್ಯಾಲ್ಯೂಎರರ್ ಎಂಬ ದೋಷ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಒಬ್ಬರ ನಮೂದನ್ನು ತೆಗೆಯಲು ನಾನು ಸ್ಥಾನ ಕೊಟ್ಟು ‘ಪಾಪ್’ ಬಳಸುತ್ತೇನೆ. ತೆಗೆದ ಬೆಲೆಯನ್ನು ಅದು ಕೈಗೆ ಮರಳಿಸುತ್ತದೆ, ರದ್ದಾದ ಮಾಲಿನ ವಹಿಗೆ ನೇರವಾಗಿ ಬರೆಯಬಹುದು. ಬೆಲೆ ಬೇಡವಾದರೆ ‘ಡೆಲ್’ ಸಾಕು.

ಸೊನ್ನೆಗಳ ವಿಷಯ ಬೇರೆ, ಅವು ಎಷ್ಟಿವೆಯೋ ಎಲ್ಲಿವೆಯೋ ಗೊತ್ತಿರುವುದಿಲ್ಲ. ಫಾರ್ ಲೂಪ್‌ನಲ್ಲಿ, ಅಂದರೆ ಒಂದೊಂದನ್ನೇ ಸರದಿಯಲ್ಲಿ ನೋಡುವ ಸುತ್ತಿನಲ್ಲಿ, ಲಿಸ್ಟ್ ಮೇಲೆ ಸಾಗುತ್ತಲೇ ಅದರಿಂದ ತೆಗೆಯುವುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. 520, 0, 0, 480 ಎಂಬ ಲಿಸ್ಟ್ ತೆಗೆದುಕೊಳ್ಳಿ. ಲೂಪ್ ಮೊದಲ ಸೊನ್ನೆಯನ್ನು ತೆಗೆದ ಕೂಡಲೇ ಎರಡನೆಯ ಸೊನ್ನೆ ಅದರ ಜಾಗಕ್ಕೆ ಸರಿಯುತ್ತದೆ. ಲೂಪ್ ಮಾತ್ರ ಮುಂದಿನ ಸ್ಥಾನಕ್ಕೆ ಹೋಗಿಬಿಟ್ಟಿರುತ್ತದೆ. ಕೊನೆಗೆ ಉಳಿಯುವುದು 520, 0, 480. ಪೈಥಾನ್ ಯಾವ ದೋಷವನ್ನೂ ತೋರಿಸುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಸೊನ್ನೆಗಳು ಅಕ್ಕಪಕ್ಕ ಬಾರದ ದಿನ ಇದೇ ಪ್ರೋಗ್ರಾಂ ಸರಿಯಾದ ಪಟ್ಟಿಯನ್ನೇ ಕೊಡುತ್ತದೆ. ಆದ್ದರಿಂದ ಪರೀಕ್ಷೆಗೆ ನಾನು ಯಾವಾಗಲೂ ಜೋಡಿ ಸೊನ್ನೆಗಳಿರುವ ಲಿಸ್ಟನ್ನೇ ಕೊಡುತ್ತೇನೆ. ಸ್ಥಾನ ಹಿಡಿದು ತೆಗೆಯುವುದೇ ಅನಿವಾರ್ಯವಾದರೆ ಕೊನೆಯಿಂದ ಹಿಂದಕ್ಕೆ ಬರಬೇಕು. ಆಗ ಸರಿಯುವುದೆಲ್ಲ ಈಗಾಗಲೇ ನೋಡಿ ಮುಗಿಸಿದ ಭಾಗ.

ನಾನು ಮೆಚ್ಚುವ ದಾರಿ ಲಿಸ್ಟ್ ಕಾಂಪ್ರಿಹೆನ್ಷನ್. ಅದರಲ್ಲಿ ತೆಗೆಯುವ ಮಾತೇ ಇಲ್ಲ. ಉಳಿಯಬೇಕಾದವುಗಳನ್ನು ಆರಿಸಿ ಹೊಸ ಲಿಸ್ಟ್ ಕಟ್ಟುವುದು. ಒಂದೇ ಸಾಲು, ಒಂದೇ ಸುತ್ತು. ಪ್ರತಿ ಸಲ ‘ರಿಮೂವ್’ ಕರೆದರೆ ಅದು ಮೊದಲಿನಿಂದ ಹುಡುಕಿ, ಅದರ ನಂತರದವನ್ನೆಲ್ಲ ಒಂದೊಂದು ಜಾಗ ಸರಿಸಬೇಕಾಗುತ್ತದೆ. ಲಿಸ್ಟ್ ದೊಡ್ಡದಾದಷ್ಟೂ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮುದ್ರಿಸುವ ಭಾಗ ಹಳೆಯ ಲಿಸ್ಟನ್ನೇ ಹಿಡಿದುಕೊಂಡಿದ್ದರೆ, ‘ತೂಕ’ ಎಂಬ ಹೆಸರಿಗೆ ಹೊಸ ಲಿಸ್ಟ್ ಕೊಟ್ಟದ್ದು ಅದಕ್ಕೆ ತಿಳಿಯುವುದಿಲ್ಲ. ಹೆಸರಿನ ಮುಂದೆ ಚೌಕ ಆವರಣದೊಳಗೆ ಬರೀ ಕೋಲನ್ ಹಾಕಿ, ಅಂದರೆ ತೂಕ[:] ಎಂದು ಬರೆದು ಹೊಸ ಲಿಸ್ಟ್ ಕೊಟ್ಟರೆ ಅದೇ ಲಿಸ್ಟ್‌ನ ಒಳಗು ಬದಲಾಗುತ್ತದೆ.

ಯಾವುದನ್ನು ಉಳಿಸಬೇಕೆಂಬ ಷರತ್ತನ್ನೂ ಪೂರ್ತಿ ಬರೆಯಬೇಕು. ಇನ್ನೂ ಕಾಟಾ (ತೂಕ) ಆಗದ ಮಾಲಿಗೆ ನಮ್ಮಲ್ಲಿ ‘ನನ್’ (None, ಅಂದರೆ ಬೆಲೆಯೇ ಇಲ್ಲ ಎಂಬ ಗುರುತು) ಇರುತ್ತದೆ. ಷರತ್ತು ಹೇಳುವ ‘ಇಫ್’ ನಂತರ, ಹೋಲಿಕೆ ಇಲ್ಲದೆ ಬರೀ ಹೆಸರು ಬರೆದರೆ ಸೊನ್ನೆಯ ಜೊತೆ ‘ನನ್’ ಕೂಡ ಜಾರಿಹೋಗುತ್ತದೆ. ಅಂಗಳದಲ್ಲಿ ಚೀಲ ಹಾಕಿಕೊಂಡು ಕಾಯುತ್ತಿರುವ ರೈತರ ಹೆಸರು ಪಟ್ಟಿಯಿಂದಲೇ ಮಾಯ. ‘0ಗಿಂತ ಹೆಚ್ಚು’ ಎಂದು ಹೋಲಿಸಿದರೆ ‘ನನ್’ ಬಂದಲ್ಲಿ ಟೈಪ್‌ಎರರ್. ‘0ಗೆ ಸಮವಲ್ಲ’ ಎಂಬ ಹೋಲಿಕೆಯೇ ಸರಿ: ಸೊನ್ನೆ ಹೋಗುತ್ತದೆ, ಕಾಟಾ ಆಗಬೇಕಾದದ್ದು ಉಳಿಯುತ್ತದೆ.